ಓದುಗನ ನಾಯಿ

ಪುಸ್ತಕ, ನಾಯಿ, ಪ್ರತಿಭೆ ಈ ಮೂರನ್ನೂ ಒಂದೇ ಭಾಷಣದೊಳಗೆ ತಂದು ಕೂಡಿಸಿರುವುದು ಶ್ರೋತೃಗಳಲ್ಲಿ ಕೆಲವರಿಗೆ ವಿನೋದವಾಗಿ ತೋರಬಹುದು. ನಮ್ಮ ಗಾದೆಗಳು ನಾಯಿಗೆ ಕೊಟ್ಟಿರುವ ಸ್ಥಾನವೇನೂ ಗೌರವದ್ದಲ್ಲ. ಅದರ ಬಾಲದ ಡೊಂಕನ್ನೂ, ಸಿಂಹಾಸನದ ಮೇಲೆ ಕುಳ್ಳಿರಿಸಿದಾಗ ಅದು ತೋರುವ ನಡತೆಯನ್ನೂ ಎತ್ತಿ ಆಡುವುದು ನಮಗೆ ರೂಢಿಯಾಗಿದೆ. ಆದರೂ ಐವತ್ತು ವರ್ಷಗಳಿಂದ ಪುಸ್ತಕವನ್ನೂ, ಅದರಲ್ಲಿ ಬಹುಕಾಲ ನಾಯಿಯನ್ನೂ ಬಿಡದೆ ಬಾಳಿದ ನಮಗೆ ಇವೆರಡಕ್ಕೂ ಸಂಬಂಧವುಂಟೆಂದೂ, ಬರೆಯಬೇಕೆಂಬ ಹಂಬಲವುಳ್ಳ ಓದುಗರಿಗೆ ಅದರಿಂದ ಪ್ರಯೋಜನವುಂಟೆಂದೂ ತೋರಿರುವುದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಆಲಂಕಾರಿಕನಾದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಕಾರಯಿತ್ರಿ, ಭಾವಯಿತ್ರಿ ಎಂದು ಎರಡಾಗಿ ವಿಂಗಡಿಸಿದ್ದಾನೆ. ಮೊದಲನೆಯದು ಕಾವ್ಯವನ್ನು ಸೃಷ್ಟಿಸುವ ಕವಿಗೆ ಉಪಕಾರಕವಾದುದು. ಎರಡನೆಯದು ಅದನ್ನು ಸವಿಯುವ ಭಾವಕನಿಗೆ. ಬಾಳೆಲ್ಲ ಓದಿದವನಲ್ಲಿ ಎರಡನೆಯದು ಪುಷ್ಟವಾಗಿ ಬೆಳೆದಿರುತ್ತದೆ. ಆದರೆ ಅವನು ಲೇಖನಿಯನ್ನು ಹಿಡಿದೊಡನೆ ಒಂದು ವಿಚಿತ್ರ ಸಂಕಟ ಎದುರಾಗುತ್ತದೆ. ಮಳೆಯನ್ನು ವರ್ಣಿಸಹೊರಟರೆ ಹತ್ತು ಕವಿಗಳ ಮಳೆ ಕಾಗದದ ಮೇಲೆ ಸುರಿಯುತ್ತದೆ. ಕಿಟಕಿಯ ಆಚೆ ಸುರಿಯುತ್ತಿರುವ ಮಳೆ ಮಾತ್ರ ಒಳಗೆ ಬರುವುದಿಲ್ಲ. ಓದು ಹೆಚ್ಚಿದುದರಿಂದಲೇ ಹೀಗಾಯಿತೆಂದು ದೂರುವವರುಂಟು. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಅಕ್ಷರದ ಗೊಡವೆಯೇ ಇಲ್ಲದ ಒಂದು ಜೀವದ ಸಹವಾಸ ಇಂಥವರಿಗೆ ಬೇಕಾಗಿದೆಯೆಂಬುದೇ ನಮ್ಮ ಅಭಿಪ್ರಾಯ.

ನಮ್ಮ ನಾಡಿನ ಒಂದು ಕಲ್ಲನ್ನು ಇಲ್ಲಿ ನೆನೆಯಬೇಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಶಾಸನದ ಕಾಲ ಕ್ರಿ. ಶ. ೯೪೯–೫೦. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಘೋರಯುದ್ಧದ ಸಂಗತಿಯನ್ನೂ, ಗಂಗ ದೊರೆ ಬೂತುಗನು ರಾಜಾದಿತ್ಯನನ್ನು ಕೊಂದುದನ್ನೂ ಅದು ತಿಳಿಸುವುದರಿಂದ ಚರಿತ್ರಕಾರರಿಗೆ ಅದು ಅಮೂಲ್ಯವಾಗಿದೆ. ಆದರೆ ಕಲ್ಲು ನಿಂತಿರುವುದು ದೊರೆಗಳ ಸಲುವಾಗಿ ಅಲ್ಲ. ಬೂತುಗನ ಪರಿವಾರದ ಮಣಲೆರನೆಂಬ ವೀರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ, ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದನು. ಬೆಳತೂರಿನ ಕಡೆಯ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತುವು. ಅದಕ್ಕಾಗಿ ಕಲ್ಲು ನೆಟ್ಟು, ಭೂಮಿಯನ್ನು ದತ್ತಿ ಬಿಟ್ಟರು. ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಅರ್ಚಕನಿಗೆ ಪಾಪ ತಗಲುವುದೆಂಬ ಎಚ್ಚರಿಕೆಯೂ ಅಲ್ಲಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಈ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವುಂಟು. ಬಿರುದಾವಳಿಗಳ ನಡುವೆ ನಾಯಿಯ ಹೆಸರು, ಗುಡ್ಡದ ದಿಕ್ಕು, ಸಾವಿನ ರೀತಿ ಇವನ್ನು ಮರೆಯದೆ ಹೇಳಿದ ಆ ಬರೆಹಗಾರನಿಗೆ ನಾವು ತಲೆಬಾಗುತ್ತೇವೆ. ಮಹಾಭಾರತದಲ್ಲಿ ಧರ್ಮರಾಯನನ್ನು ಸ್ವರ್ಗದ ಬಾಗಿಲವರೆಗೆ ಹಿಂಬಾಲಿಸಿದ ನಾಯಿ ಕಡೆಗೆ ಯಮಧರ್ಮನೇ ಆಗಿಬಿಡುತ್ತದೆ. ಕಾಳಿಯಾದರೋ ಕೊನೆಯವರೆಗೂ ನಾಯಿಯಾಗಿಯೇ ಉಳಿಯಿತು. ನಮ್ಮ ಒಲವು ಕಾಳಿಯ ಕಡೆಗೆ.

ಇನ್ನೊಂದು ನಿದರ್ಶನ ಇಂಗ್ಲೆಂಡಿನದು. ಎಲಿಜಬೆತ್ ಬ್ಯಾರೆಟ್ ಎಂಬ ಕವಯಿತ್ರಿ ರೋಗಪೀಡಿತಳಾಗಿ, ೧೮೪೦ರಲ್ಲಿ ಪ್ರೀತಿಯ ತಮ್ಮನು ಮುಳುಗಿ ಸತ್ತ ದುಃಖದಲ್ಲಿದ್ದಾಗ, ಮೇರಿ ರಸೆಲ್ ಮಿಟ್ಫರ್ಡ್ ಎಂಬ ಲೇಖಕಿ ಆಕೆಗೆ ಫ್ಲಷ್ ಎಂಬ ಸ್ಪೇನಿಯಲ್ ಜಾತಿಯ ನಾಯಿಯನ್ನು ಉಡುಗೊರೆಯಾಗಿ ಕೊಟ್ಟಳು. ಲಂಡನ್ನಿನ ಮನೆಯಲ್ಲಿ ಪುಸ್ತಕಗಳ ನಡುವೆ, ಕಟ್ಟುನಿಟ್ಟಿನ ತಂದೆಯ ಆಜ್ಞೆಯಲ್ಲಿ, ಒಂದು ಕೊಠಡಿಯೇ ಆಕೆಯ ಪ್ರಪಂಚವಾಗಿತ್ತು. ನಾಯಿಗಳ್ಳರು ಫ್ಲಷನ್ನು ಮೂರು ಸಲ ಕದ್ದು ಹಣ ಕೇಳಿದರು. ೧೮೪೬ರ ಸೆಪ್ಟೆಂಬರಿನಲ್ಲಿ ಮೂರನೆಯ ಸಲ ಹಾಗಾದಾಗ, ಹಣ ಕೊಡಬಾರದೆಂದು ತಂದೆಯೂ ಪ್ರಿಯನಾದ ರಾಬರ್ಟ್ ಬ್ರೌನಿಂಗನೂ ವಾದಿಸುತ್ತಿರಲು, ಆಕೆ ದಾಸಿಯೊಡನೆ ಬಾಡಿಗೆಯ ಗಾಡಿಯಲ್ಲಿ ಕುಳಿತು ಷೋರ್‌ಡಿಚ್ಚಿನ ಕಳ್ಳರ ಕೇರಿಗೇ ಹೊರಟುಬಿಟ್ಟಳು! ನಾಯಿ ಮನೆಗೆ ಬಂದಿತು. ಅದೇ ತಿಂಗಳ ೧೨ರಂದು ಆಕೆ ತಂದೆಗೆ ತಿಳಿಸದೆ ಬ್ರೌನಿಂಗನನ್ನು ಮದುವೆಯಾಗಿ, ವಾರದೊಳಗೆ ಫ್ಲಷ್ ಸಹಿತ ಇಟಲಿಯ ದಾರಿ ಹಿಡಿದಳು. ಹೊಸ್ತಿಲು ದಾಟುವ ಧೈರ್ಯವನ್ನು ಯಾವ ಗ್ರಂಥವೂ ಆಕೆಗೆ ಅಷ್ಟು ಬೇಗ ಕಲಿಸಿರಲಾರದು.

ವರ್ಜೀನಿಯ ವುಲ್ಫ್ ೧೯೩೩ರಲ್ಲಿ ಈ ನಾಯಿಯ ಜೀವನಚರಿತ್ರೆಯನ್ನೇ ಬರೆದು ಪ್ರಕಟಿಸಿದಳು. ‘ದಿ ವೇವ್ಸ್’ ಎಂಬ ಕಠಿನವಾದ ಕಾದಂಬರಿಯನ್ನು ಮುಗಿಸಿ ದಣಿದಿದ್ದ ಆಕೆಗೆ ಇದು ವಿಶ್ರಾಂತಿಯ ಬರೆವಣಿಗೆ. ಪಂಡಿತರು ಇದನ್ನು ಲಘುವೆಂದು ಬದಿಗಿಡುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಕಣ್ಣಿನಿಂದ ಕಂಡ ಊರನ್ನು ವರ್ಣಿಸುವುದು ಎಲ್ಲರಿಗೂ ಬರುತ್ತದೆ. ಮೂಗಿನಿಂದ ತಿಳಿದ ಊರನ್ನು ವರ್ಣಿಸಹೊರಟಾಗ ಓದಿದ ವಾಕ್ಯಗಳೊಂದೂ ನೆರವಿಗೆ ಬರುವುದಿಲ್ಲ. ವಾಸನೆಯನ್ನು ಗ್ರಹಿಸುವ ಜೀವಕೋಶಗಳು ಮನುಷ್ಯನಲ್ಲಿ ಲಕ್ಷಗಳ ಲೆಕ್ಕದಲ್ಲಿದ್ದರೆ, ನಾಯಿಯಲ್ಲಿ ಕೋಟಿಗಳ ಲೆಕ್ಕದಲ್ಲಿವೆ. ನಮ್ಮ ನುಡಿಯಲ್ಲಿ ಕಂಪು, ಘಮಲು, ಕಮಟು, ಸೀಕಲು, ನಾತ, ಗಬ್ಬು ಎಂದು ಶಬ್ದಗಳಿಗೆ ಬಡತನವಿಲ್ಲ. ಆದರೆ ನಮ್ಮ ಲೇಖಕರು ಮಲ್ಲಿಗೆಯ ಕಂಪನ್ನು ದಾಟಿ ಮುಂದೆ ಹೋಗುವುದು ಅಪರೂಪ.

ಪುಸ್ತಕದ ವಿಷಯದಲ್ಲಿ ನಾಯಿಗೆ ಎಳ್ಳಷ್ಟೂ ಪೂಜ್ಯಭಾವವಿಲ್ಲವೆಂಬುದೂ ಒಂದು ಗುಣವೇ. ಅಮೆರಿಕದ ಜಾನ್ ಸ್ಟೈನ್‌ಬೆಕ್ ಬರೆಯುತ್ತಿದ್ದ ‘ಆಫ್ ಮೈಸ್ ಅಂಡ್ ಮೆನ್’ ಎಂಬ ಕಥೆಯ ಹಸ್ತಪ್ರತಿಯ ಸುಮಾರು ಅರ್ಧಭಾಗವನ್ನು ೧೯೩೬ರಲ್ಲಿ ಅವನ ಟೋಬಿಯೆಂಬ ಮರಿನಾಯಿ ಹರಿದು ಚಿಂದಿಮಾಡಿತು. ಬೇರೆ ಪ್ರತಿ ಇರಲಿಲ್ಲ. ನಾಯಿ ವಿಮರ್ಶಕನ ಕೆಲಸ ಮಾಡಿದ್ದಿರಬಹುದೆಂಬ ಅರ್ಥದಲ್ಲಿ ಕಾಗದ ಬರೆದು, ಸ್ಟೈನ್‌ಬೆಕ್ ಮತ್ತೆ ಬರೆಯಲು ಕುಳಿತನು. ಮರುವರ್ಷ ಪುಸ್ತಕ ಹೊರಬಂದಿತು.

ಕನ್ನಡದಲ್ಲಿ ಕಾಳಿಯ ವಂಶ ನಿಂತುಹೋಗಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನನ್ನೂ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (೧೯೮೦) ಕಿವಿಯೆಂಬ ನಾಯಿಯನ್ನೂ ಬಲ್ಲ ವಾಚಕರಿಗೆ ಅವು ನೆರೆಮನೆಯ ನಾಯಿಗಳಷ್ಟೇ ಪರಿಚಿತ. ತಂದೆಮಕ್ಕಳಾದ ಈ ಇಬ್ಬರು ಲೇಖಕರೂ ನಾಯಿಯಿಂದ ಯಾವ ನೀತಿಯನ್ನೂ ಹೇಳಿಸುವುದಿಲ್ಲ. ಅದರ ಹಿಂದೆ ಕಾಡಿನಲ್ಲಿ ನಡೆದು, ಅದು ನಿಂತಲ್ಲಿ ನಿಂತು ನೋಡುತ್ತಾರೆ.

ನಮ್ಮ ಮನೆಯಲ್ಲಿರುವುದು ಕುಲಗೋತ್ರ ತಿಳಿಯದ ಕಂದುಬಣ್ಣದ ಬೀದಿನಾಯಿ. ಸಂಜೆ ಅದರೊಡನೆ ತಿರುಗಾಡಿ ಬಂದ ಬಳಿಕ, ಯಾವ ಪುಸ್ತಕವನ್ನೂ ತೆರೆಯುವ ಮೊದಲು, ಅದು ಎಲ್ಲೆಲ್ಲಿ ನಿಂತಿತೆಂಬುದನ್ನು ಒಂದು ಟಿಪ್ಪಣಿಯ ಪುಸ್ತಕದಲ್ಲಿ ಬರೆದಿಡುತ್ತೇವೆ. ಗಿರಣಿಯ ಮುಂದೆ ಚೆಲ್ಲಿದ ರಾಗಿಹಿಟ್ಟು. ಮಳೆನೀರು ನಿಂತ ಚರಂಡಿಯ ಚಪ್ಪಡಿ. ಮೂರು ದಿನದಿಂದ ಬೀಗ ಹಾಕಿರುವ ಒಂದು ಮನೆಯ ಬಾಗಿಲು, ಅಲ್ಲಿ ಅದು ಬಹಳ ಹೊತ್ತು ಮೂಸುತ್ತ ನಿಂತಿತು. ಆ ಮನೆಯವರು ಎಲ್ಲಿಗೆ ಹೋದರೆಂದು ನಾವು ಇನ್ನೂ ಯಾರನ್ನೂ ಕೇಳಿಲ್ಲ. ಆದರೆ ಬರೆಯಲು ಆರಂಭಿಸಿದ್ದೇವೆ.