ಪ್ರಾಯದ ಮಕ್ಕಳ ಆಹಾರದಲ್ಲಿ ಕಬ್ಬಿಣದ ಅಂಶ

ಸುಣ್ಣದ ಅಂಶವು ಹೆಚ್ಚಾಗಿರುವ ಕಪ್ಪುನೆಲದಲ್ಲಿ ಕಡಲೆಕಾಯಿಯ ಎಳೆಯ ಎಲೆಗಳು, ನರಗಳು ಮಾತ್ರ ಹಸುರಾಗಿದ್ದು ಉಳಿದ ಭಾಗವೆಲ್ಲ ಹಳದಿಯಾಗುವುದನ್ನು ಭೂಮಾಲೀಕರು ನೋಡಿಯೇ ಇರುವರು. ಆ ನೆಲದಲ್ಲಿ ಕಬ್ಬಿಣವಿಲ್ಲವೆಂದಲ್ಲ. ಇದ್ದರೂ ಬೇರಿಗೆ ದಕ್ಕುವ ಸ್ಥಿತಿಯಲ್ಲಿರುವುದಿಲ್ಲ. ಆದಕಾರಣವೇ ಅನ್ನಭೇದಿಯ ದ್ರಾವಣವನ್ನು ಎಲೆಗಳ ಮೇಲೆ ಸಿಂಪಡಿಸುವುದು. ಇದೇ ನ್ಯಾಯವು ನಮ್ಮ ಮಕ್ಕಳಿಗೂ ಸಲ್ಲುವುದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೂ, ಹುಡುಗರಲ್ಲಿ ನೂರಕ್ಕೆ 31 ಮಂದಿಗೂ ರಕ್ತಹೀನತೆಯಿದ್ದಿತು. ಕಬ್ಬಿಣದ ಕೊರತೆಯು ಇದರ ಮುಖ್ಯ ಕಾರಣಗಳಲ್ಲೊಂದು. ಈ ಪ್ರಾಯದಲ್ಲಿ ಮೈಯೂ ರಕ್ತವೂ ಬೆಳೆಯುವುವು. ಹುಡುಗಿಯರಿಗೆ ತಿಂಗಳ ಮುಟ್ಟಿನಲ್ಲಿ ನಷ್ಟವೂ ಉಂಟು. ಆದುದರಿಂದ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ, ಹುಡುಗಿಗೆ 30 ಮಿಲಿಗ್ರಾಂ ಕಬ್ಬಿಣವು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಮಾಡಿತು. ಹೀಗಿದ್ದೂ ಎಷ್ಟೋ ಮನೆಗಳಲ್ಲಿ ಮಿಕ್ಕವರೆಲ್ಲ ಉಂಡಮೇಲೆ ಉಳಿದುದನ್ನು ಉಣ್ಣುವವಳು ಹುಡುಗಿಯೇ. ನಾಲ್ಕು ಕೊಡ ನೀರು ತರುವುದರೊಳಗೆ ಏದುಸಿರು ಬಿಡುವವಳನ್ನು ಸೋಮಾರಿಯೆಂದು ಗದರಿಸುವುದಕ್ಕೆ ಮುಂಚೆ ಅವಳ ಕೆಳರೆಪ್ಪೆಯ ಒಳಭಾಗವನ್ನು ನೋಡತಕ್ಕದ್ದು. ಅದು ಬಿಳಿಚಿಕೊಂಡಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಬಿಳಿಚಿಲ್ಲವೆಂದು ಸುಮ್ಮನಿರಲೂ ಆಗದು, ದಣಿವೊಂದೇ ಪರೀಕ್ಷೆಗೆ ಸಾಕಾದ ಕಾರಣ.

ರಾಗಿಗೆ ಕೊರತೆಯಿಲ್ಲದ ಮನೆಗಳಲ್ಲಿ ಈ ಮಾತೇಕೆ ಎಂದು ಯಜಮಾನರು ಕೇಳುವುದುಂಟು. ರಾಗಿಯ ಹಿರಿಮೆ ಸುಣ್ಣದ ಅಂಶದಲ್ಲಿ. ಕಬ್ಬಿಣವು 100 ಗ್ರಾಮಿಗೆ ಸುಮಾರು 4ರಿಂದ 5 ಮಿಲಿಗ್ರಾಂ ಮಾತ್ರ. ಅದನ್ನೂ ಕಾಳಿನ ಫೈಟಿಕ್ ಆಮ್ಲವೂ ಒಗರೂ ಹಿಡಿದಿಟ್ಟುಕೊಳ್ಳುವುದರಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಹುರುಳಿಯಲ್ಲಿ ಕಬ್ಬಿಣವು ರಾಗಿಗಿಂತ ಹೆಚ್ಚು. ಎರಡನ್ನೂ ಮೊಳಕೆ ಕಟ್ಟಿ ಬಳಸಿದರೆ ಆ ಹಿಡಿತವು ಸಡಿಲುವುದು. ಊಟದೊಡನೆ ನಿಂಬೆಯ ರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಕಬ್ಬಿಣವು ಚೆನ್ನಾಗಿ ದಕ್ಕುವುದು. ಊಟದೊಡನೆ ಚಹ, ಕಾಫಿ ಕುಡಿದರೆ ಕುಗ್ಗುವುದು. ಮಾಂಸ, ಮೀನು ತಿನ್ನುವವರಿಗೆ ಅವುಗಳ ಕಬ್ಬಿಣವು ಸುಲಭವಾಗಿ ಸೇರುವುದು. ಬಚ್ಚಲ ನೀರು ಹರಿಯುವ ಹಿತ್ತಿಲಲ್ಲಿ ಒಂದು ನುಗ್ಗೆ, ಒಂದು ನಿಂಬೆ, ಒಂದು ಮಡಿ ದಂಟಿನ ಸೊಪ್ಪು ಬೆಳೆಸುವುದಕ್ಕೆ ತಗಲುವ ವೆಚ್ಚವೇನೂ ಹೆಚ್ಚಲ್ಲ.

ಬಯಲಿನಲ್ಲಿ ಮಲವಿಸರ್ಜನೆ ನಡೆಯುವ ಕಡೆ ಕೊಕ್ಕೆಹುಳದ ಮರಿಗಳು ಬರಿಗಾಲಿನ ಚರ್ಮವನ್ನು ತೂರಿ ಕರುಳನ್ನು ಸೇರಿ ರಕ್ತವನ್ನು ಹೀರುವುವು. ಪಾಯಿಖಾನೆಯನ್ನು ಕಟ್ಟಿಸಿದರೆ ಸಾಲದು, ಬಳಸುವಂತೆಯೂ ನೋಡಿಕೊಳ್ಳತಕ್ಕದ್ದು.

ಶಾಲೆಗಳಲ್ಲಿ ವಾರಕ್ಕೊಂದಾವೃತ್ತಿ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು, ಮಲವು ಕಪ್ಪಾಯಿತೆಂದು ಹೆದರಿ ಕೆಲವರು ಬಿಡಿಸುವರು. ಅದು ಮಾತ್ರೆಯ ಸಹಜ ಲಕ್ಷಣ. ಊಟವಾದ ಮೇಲೆ ನುಂಗಿದರೆ ಹೊಟ್ಟೆಯ ತೊಳಸುವಿಕೆಯೂ ಕಡಮೆ. ಮಾತ್ರೆಗಳನ್ನು ಎಳೆಯ ಮಕ್ಕಳ ಕೈಗೆ ಸಿಕ್ಕದಂತೆ ಇಡತಕ್ಕದ್ದು, ಹೆಚ್ಚು ನುಂಗಿದರೆ ಪ್ರಾಣಾಪಾಯವುಂಟು. ಹೊಲಕ್ಕೆಂದು ತಂದ ಅನ್ನಭೇದಿಯನ್ನಂತೂ ಯಾರಿಗೂ ಎಂದಿಗೂ ಕೊಡಕೂಡದು.