ಚಿತ್ರವಿಲ್ಲದ ಭಿತ್ತಿಪತ್ರ

ನವೆಂಬರ್ ಸಮೀಪಿಸಿತೆಂದರೆ ರಾಜ್ಯೋತ್ಸವದ ಭಿತ್ತಿಪತ್ರ ಬರೆಯುವವರಾರು ಎಂಬ ಪ್ರಶ್ನೆ ವೆರಿಬೀಯ ನಮ್ಮ ಕುಟುಂಬಗಳಲ್ಲಿ ಏಳುತ್ತದೆ. ಒಡನೆಯೇ ಹಂಪಿಯ ಕಲ್ಲಿನ ರಥ, ಜೋಗದ ಜಲಪಾತಗಳ ಚಿತ್ರಕ್ಕಾಗಿ ಹುಡುಕಾಟ ಶುರು. ಚಿತ್ರವೇ ಇಲ್ಲದೆ, ಬರೀ ಅಕ್ಷರಗಳಿಂದ ಮಾತಾಡಿಸಲಾಗದೆ?

ಆಗುತ್ತದೆ ಎಂಬುದಕ್ಕೆ ಸಾಕ್ಷಿ ಸಿಡ್ನಿಯಲ್ಲೇ ಇದೆ. ಆರ್ಥರ್ ಸ್ಟೇಸ್ ಎಂಬವರು (1885-1967) ಹೆಚ್ಚು ಓದುಬರಹ ಕಲಿತವರಲ್ಲ. 1932ರಲ್ಲಿ ಒಂದು ಪ್ರವಚನ ಕೇಳಿದ ಮೇಲೆ, ಸುಮಾರು 35 ವರ್ಷಗಳ ಕಾಲ ಅವರು ಕಾಲುದಾರಿಗಳ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಪದ ಬರೆದರು: 'ಎಟರ್ನಿಟಿ', ಅಂದರೆ ಅನಂತತೆ. ಸುಮಾರು 5 ಲಕ್ಷ ಸಲ ಬರೆದಿರಬಹುದೆಂದು ಅಂದಾಜು. 2000ದ ಹೊಸವರ್ಷದಂದು ಹಾರ್ಬರ್ ಸೇತುವೆಯ ಮೇಲೆ ದೀಪಗಳಲ್ಲಿ ಬೆಳಗಿದ್ದು ಅವರ ಕೈಬರಹದ ಆ ಪದವೇ. ಓರೆಯಾಗಿ ಸಾಗುವ ಅಕ್ಷರ, ಕೊನೆಯಲ್ಲೊಂದು ಉದ್ದನೆಯ ಬಾಲ, ಅಷ್ಟೇ.

ಕನ್ನಡಕ್ಕೂ ಇದು ಹೊಸತಲ್ಲ. 1843ರಲ್ಲಿ ಹೊರಟ ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲೇ ಅಚ್ಚಾಯಿತು.

ಇನ್ನು ಕೆಲಸಕ್ಕೆ ಬರೋಣ. ಮೊದಲು ಒಂದೇ ಪದ ಆರಿಸಿಕೊಳ್ಳಬೇಕು. ಆ ಪದ ಏನು ಮಾಡುತ್ತದೆ ಎಂದು ಕೇಳಿಕೊಳ್ಳಬೇಕು. 'ದೂರ' ಎಂಬಲ್ಲಿ 'ದೂ' ಹಾಳೆಯ ಈ ಅಂಚಿಗೆ, 'ರ' ಆ ಅಂಚಿಗೆ ಹೋದರೆ ಅರ್ಥ ಕಣ್ಣಿಗೇ ಕಾಣುತ್ತದೆ. 'ಭಾರ' ದಪ್ಪವಾಗಿ ಹಾಳೆಯ ತಳಕ್ಕೆ ಕುಸಿದು ಕೂರಲಿ. 'ಕನ್ನಡ' ಎಂಬುದರಲ್ಲಿ ನಕಾರದ ಒತ್ತು ಕೆಳಗಿಳಿಯುತ್ತದಲ್ಲವೆ? ಅದನ್ನೇ ಉದ್ದಕ್ಕೆ ಎಳೆದರೆ ಮೇಲೆ ಮರ, ಕೆಳಗೆ ಬೇರು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ಭಾಗ್ಯವಿಲ್ಲ. ಅವು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ.

ಆದರೆ ಎಚ್ಚರಿಕೆಯೂ ಬೇಕು. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಂದಕ್ಕೆಂದು 'ರ'ದ ನಡುವೆ ಚುಕ್ಕಿ ಇಟ್ಟರೆ ಅದು 'ಠ' ಆಗುತ್ತದೆ. 'ಧ'ದ ಸೀಳು ಮಾಯವಾದರೆ ಸಂಘ ಕೇಳಿದ ಧನಸಹಾಯ ದನಸಹಾಯವಾದೀತು! ಕಂಪ್ಯೂಟರಿನಲ್ಲಿ ಮಾಡುವವರು ಒತ್ತಕ್ಷರ ಒಡೆದಿದೆಯೇ ಎಂದು ಕಡೆಯಲ್ಲೊಮ್ಮೆ ನೋಡಲೇಬೇಕು. ಹಳದಿಯ ಮೇಲೆ ಕೆಂಪು ಚೆನ್ನಾಗಿ ಕಾಣುತ್ತದೆ. ಬಿಳಿಯ ಮೇಲೆ ಹಳದಿ ಅಳಿಸಿಹೋಗುತ್ತದೆ. ಗೋಡೆಗಂಟಿಸಿ ಹತ್ತು ಹೆಜ್ಜೆ ಹಿಂದೆ ಸರಿದು ಓದಿ ನೋಡುವುದೇ ಪರೀಕ್ಷೆ.

ಇಷ್ಟೆಲ್ಲ ಯಾಕೆ ಎನ್ನುವಿರೇನೋ. ನಮ್ಮ ಮಕ್ಕಳಲ್ಲಿ ಹಲವರು ಕನ್ನಡ ಮಾತಾಡುತ್ತಾರೆ, ಓದಲಾರರು. ಚಿತ್ರವಿದ್ದರೆ ಚಿತ್ರ ನೋಡಿ, ಅಡಿಯ ಇಂಗ್ಲಿಷ್ ಸಾಲು ಓದಿ ಮುಂದೆ ಹೋಗುತ್ತಾರೆ. ಅಕ್ಷರವೇ ಬೇರು ಬಿಟ್ಟು ನಿಂತರೆ "ಇದೇನಮ್ಮಾ?" ಎಂದು ಕೇಳದೆ ವಿಧಿಯಿಲ್ಲ. ದಿನಾಂಕ, ಸ್ಥಳ ಇಂಗ್ಲಿಷಿನಲ್ಲೂ ಇರಲಿ, ಎಲ್ಲರೂ ಬರಬೇಕಲ್ಲ. ಆದರೆ ಅದು ಸಣ್ಣದಾಗಿ, ಮೂಲೆಯಲ್ಲಿ.

ಈ ಸಲ ಮನೆಗೊಂದು ಹಾಳೆ, ಒಂದು ಪದ. ಮಕ್ಕಳ ಕೈಯಲ್ಲೇ ಬರೆಸೋಣ.