ಗೃಹಿಣಿಯರಿಗಾಗಿ: ಕಸ್ಟರ್ಡ್ ಮತ್ತು ಗಿಣ್ಣ

ಮನೆಯ ಆಚಾರವನ್ನು ಮಕ್ಕಳು ಮೊದಲು ಕಲಿಯುವುದು ಅಡುಗೆಮನೆಯಲ್ಲಿ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು, ಏಕೆ ಸಲ್ಲದು ಎಂಬ ವಿವೇಕವು ಅಲ್ಲಿಯೇ ಮೊಳೆಯುತ್ತದೆ. ಇಂದು ಮದುವೆ, ಹುಟ್ಟುಹಬ್ಬ, ಗೃಹಪ್ರವೇಶಗಳ ಪಂಕ್ತಿಯಲ್ಲಿ ಹುಗ್ಗಿ, ಹೋಳಿಗೆಗಳ ಮಗ್ಗುಲಿಗೆ ಹಳದಿ ಬಣ್ಣದ ಕಸ್ಟರ್ಡ್ ಕೂಡ ಬಂದು ಕುಳಿತಿದೆ. ಮಕ್ಕಳು ಅದನ್ನು ಬೇಕೆನ್ನುತ್ತಾರೆ. ಮನೆಯ ಹಿರಿಯರು, “ಅದರಲ್ಲಿ ತತ್ತಿ ಇರುತ್ತದಂತೆ, ಲಿಂಗಾರ್ಪಿತಕ್ಕೆ ಸಲ್ಲುವುದೇ?” ಎಂದು ಶಂಕಿಸುತ್ತಾರೆ. ನಡುವೆ ಸಿಕ್ಕಿಕೊಳ್ಳುವವಳು ಗೃಹಿಣಿ. ಈ ಪ್ರಶ್ನೆಯನ್ನು ತಾಯಂದಿರು ನಮ್ಮೆದುರು ಇಡುವುದುಂಟು. ಶಂಕೆ ಸಾಧುವಾದುದೇ. ಆದರೆ ಉತ್ತರವನ್ನು ತಿಳಿದು ಹೇಳಬೇಕು.

ಹೆಸರು ಒಂದು, ಪದಾರ್ಥ ಎರಡು

ಕಸ್ಟರ್ಡ್ ಯೂರೋಪಿನ ತಿನಿಸು. ಅಂಚು ಕಟ್ಟಿದ ಹಿಟ್ಟಿನ ಭಕ್ಷ್ಯಕ್ಕೆ ಅಲ್ಲಿದ್ದ ಹಳೆಯ ಹೆಸರಿನಿಂದ ಈ ಶಬ್ದ ಬಂದಿದೆ. ಹಾಲಿಗೆ ತತ್ತಿಯನ್ನು ಕಲಸಿ ಹದವಾಗಿ ಕಾಯಿಸುವುದು ಅದರ ಮೂಲ ಕ್ರಮ. ಶಾಖಕ್ಕೆ ತತ್ತಿಯ ಸಸಾರಜನಕ ಗಟ್ಟಿಯಾಗಿ ಹಾಲನ್ನು ಹಿಡಿದಿಡುತ್ತದೆ. ಈ ಬಗೆಯ ಕಸ್ಟರ್ಡ್ ಸಸ್ಯಾಹಾರಿಗಳ ಮನೆಗೆ ಸಲ್ಲದು, ಇದರಲ್ಲಿ ಸಂಶಯವಿಲ್ಲ.

ಆದರೆ ನಮ್ಮ ಅಂಗಡಿಗಳಲ್ಲಿ ದೊರೆಯುವ ಕಸ್ಟರ್ಡ್ ಪುಡಿಯ ಕಥೆಯೇ ಬೇರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯಿದ್ದನು. ಅವನ ಹೆಂಡತಿಗೆ ತತ್ತಿ ಒಗ್ಗುತ್ತಿರಲಿಲ್ಲ, ತಿಂದರೆ ಕಾಯಿಲೆಯಾಗುತ್ತಿತ್ತು. ಆಕೆಯೂ ಸವಿಯಲೆಂದು ಅವನು 1837ರಲ್ಲಿ ತತ್ತಿಯಿಲ್ಲದೆ, ಮೆಕ್ಕೆಜೋಳದ ಪಿಷ್ಟದಿಂದ ಹಾಲನ್ನು ಗಟ್ಟಿಗೊಳಿಸುವ ಪುಡಿಯನ್ನು ಸಿದ್ಧಪಡಿಸಿದನು. ಹೆಂಡತಿಗೆ ಯೀಸ್ಟ್ ಕೂಡ ಆಗದೆಂದು 1843ರಲ್ಲಿ ಬೇಕಿಂಗ್ ಪೌಡರನ್ನು ರೂಪಿಸಿದವನೂ ಇವನೇ. ಮನೆಯವಳೊಬ್ಬಳ ಆರೋಗ್ಯದ ಮೇಲಣ ಕಾಳಜಿಯಿಂದ ಹುಟ್ಟಿದ ಪದಾರ್ಥವು ದೂರದ ನಾಡಿನ ಸಸ್ಯಾಹಾರಿಗಳಿಗೂ ಉಪಕಾರಕವಾಯಿತು.

ಇಂತಹ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಮೆಕ್ಕೆಜೋಳದ ಪಿಷ್ಟ, ಬಣ್ಣ, ವೆನಿಲಾ ಪರಿಮಳ ಮತ್ತು ಕೊಂಚ ಉಪ್ಪು. ಹಾಗೆಂದು ಕಣ್ಣುಮುಚ್ಚಿ ಕೊಳ್ಳಬಾರದು. ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು ನೋಡಬೇಕು. ನಮ್ಮ ದೇಶದ ನಿಯಮದಲ್ಲಿ ತತ್ತಿ ಸೇರಿದ ಪದಾರ್ಥಕ್ಕೆ ಹಸಿರು ಗುರುತು ಸಲ್ಲುವುದಿಲ್ಲ, ಕಂದು ಗುರುತು ಹಾಕಬೇಕಾಗುತ್ತದೆ.

ಮಾಡುವ ಕ್ರಮ

ಅರ್ಧ ಲೀಟರ್ ಹಾಲು, 2 ದೊಡ್ಡ ಚಮಚ ಪುಡಿ, 3 ಅಥವಾ 4 ದೊಡ್ಡ ಚಮಚ ಸಕ್ಕರೆ, ಇಷ್ಟು ಸಾಕು. ತಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕಾದರೆ ಪುಡಿಯನ್ನು ಇನ್ನೊಂದು ಚಮಚ ಹೆಚ್ಚಿಸಬೇಕು. ಅರ್ಧ ಬಟ್ಟಲು ತಣ್ಣನೆಯ ಹಾಲನ್ನು ಮೊದಲೇ ತೆಗೆದಿಟ್ಟು ಅದರಲ್ಲಿ ಪುಡಿಯನ್ನು ಕದಡಬೇಕು. ಬಿಸಿ ಹಾಲಿಗೆ ನೇರವಾಗಿ ಪುಡಿ ಹಾಕಿದರೆ ಹೊರಪದರ ಒಡನೆಯೇ ಬೆಂದು ಅಂಟಾಗಿ, ಒಳಗೆ ಹಸಿ ಹಿಟ್ಟು ಉಳಿಯುತ್ತದೆ. ಗಂಟುಗಳಾಗುವುದು ಇದರಿಂದಲೇ. ಉಳಿದ ಹಾಲಿಗೆ ಸಕ್ಕರೆ ಸೇರಿಸಿ ಕುದಿಸಿ, ಉರಿ ತಗ್ಗಿಸಿ, ಕದಡಿದ ಹಾಲನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತ ಕೈಬಿಡದೆ ತಿರುವಬೇಕು. ದಪ್ಪವಾದ ಮೇಲೂ ಒಂದೆರಡು ನಿಮಿಷ ಕುದಿಯಲಿ, ಇಲ್ಲವಾದರೆ ಹಸಿ ಹಿಟ್ಟಿನ ವಾಸನೆ ಹೋಗದು. ಆರುವಾಗ ನಡುನಡುವೆ ಕದಡಿದರೆ ಮೇಲೆ ಪೊರೆ ಕಟ್ಟುವುದಿಲ್ಲ.

ಪುಡಿಯ ಬಣ್ಣ ಬೇಡವೆನ್ನುವವರು ಬರಿಯ ಕಾರ್ನ್‌ಫ್ಲೋರನ್ನೇ ಇದೇ ಪ್ರಮಾಣದಲ್ಲಿ ಬಳಸಿ, ಹಾಲಿನಲ್ಲಿ ನೆನೆಸಿದ ನಾಲ್ಕು ಎಸಳು ಕೇಸರಿ ಮತ್ತು ಏಲಕ್ಕಿ ಪುಡಿಯನ್ನು ಸೇರಿಸಬಹುದು. ನಮ್ಮ ನಾಲಿಗೆಗೆ ಇದೇ ಹೆಚ್ಚು ಹಿತ.

ಹಣ್ಣುಗಳನ್ನು ಪೂರ್ತಿ ತಣಿದ ಮೇಲೆ ಬೆರೆಸಬೇಕು. ಬಾಳೆ, ಸೇಬು, ಚಿಕ್ಕು, ದಾಳಿಂಬೆ ಒಪ್ಪುತ್ತವೆ. ಹಸಿ ಅನಾನಸು ಒಪ್ಪದು. ಅದರಲ್ಲಿನ ಕಿಣ್ವವು ಹಾಲಿನ ಸಸಾರಜನಕವನ್ನು ಒಡೆದು ಕಹಿಯನ್ನುಂಟುಮಾಡುತ್ತದೆ. ಸಕ್ಕರೆ ನೀರಿನಲ್ಲಿ ಬೇಯಿಸಿ ಆರಿಸಿದ ಅನಾನಸಿನಲ್ಲಿ ಈ ದೋಷವಿಲ್ಲ.

ಎಂಜಲಿನ ಮಾತು

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕಾಗಿದೆ. ಬೆಳಿಗ್ಗೆ ಗಟ್ಟಿಯಾಗಿದ್ದ ಕಸ್ಟರ್ಡ್ ಸಂಜೆಗೆ ನೀರಾಯಿತೆಂದು ಕೆಲವರು ಹಾಲನ್ನು ದೂರುತ್ತಾರೆ, ಕೆಲವರು ಪುಡಿಯನ್ನು. ಅನೇಕ ವೇಳೆ ಕಾರಣ ಚಮಚದಲ್ಲಿರುತ್ತದೆ. ಬಾಯಿಗಿಟ್ಟ ಚಮಚವನ್ನೇ ಮತ್ತೆ ಪಾತ್ರೆಗೆ ಅದ್ದಿದರೆ ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟವನ್ನು ಒಡೆಯುತ್ತ ಹೋಗಿ ಅದನ್ನು ತೆಳುಗೊಳಿಸುತ್ತದೆ. ಎಂಜಲನ್ನು ಅಡುಗೆಗೆ ಸೋಕಿಸಬಾರದೆಂದು ನಮ್ಮ ಹಿರಿಯರು ಇಟ್ಟ ಕಟ್ಟಳೆಯನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಎರಡು ಬಟ್ಟಲಲ್ಲಿ ಕಸ್ಟರ್ಡ್ ಇಟ್ಟು, ಒಂದಕ್ಕೆ ಎಂಜಲು ಚಮಚ ಆಡಿಸಿ, ಸ್ವಲ್ಪ ಹೊತ್ತಿನ ನಂತರ ತೋರಿಸಿರಿ. ಗದರಿಕೆಯ ಅಗತ್ಯವೇ ಬೀಳದು.

ಜೆಲಟಿನ್ ಬಗ್ಗೆ ಎಚ್ಚರ

ತತ್ತಿಯಿಲ್ಲವೆಂದ ಮಾತ್ರಕ್ಕೆ ಎಲ್ಲ ಪುಡಿಂಗುಗಳೂ ಸಸ್ಯಾಹಾರವಲ್ಲ. ಅಲುಗಾಡುವ ಕೆಲವು ಪುಡಿಂಗು, ಜೆಲ್ಲಿಗಳಿಗೆ ಜೆಲಟಿನ್ ಹಾಕಿರುತ್ತಾರೆ. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದದ್ದು. ಅದರ ಬದಲಿಗೆ ಚೈನಾ ಗ್ರಾಸ್ ಬಳಸಬಹುದು. ಹೆಸರಿನಲ್ಲಿ ಹುಲ್ಲಾದರೂ ಅದು ಸಮುದ್ರದ ಪಾಚಿಯಿಂದ ಬಂದುದು. ಸುಮಾರು 10 ಗ್ರಾಂ ಎಳೆಗಳನ್ನು ನೀರಿನಲ್ಲಿ ನೆನೆಸಿ, ಕುದಿಸಿ ಪೂರ್ಣ ಕರಗಿಸಿ, ಸೋಸಿ, ಒಂದು ಲೀಟರ್ ಸಿಹಿ ಹಾಲಿಗೆ ಬಿಸಿಯಿರುವಾಗಲೇ ಬೆರೆಸಿದರೆ ತಣಿದಂತೆ ತಾನೇ ಹೆಪ್ಪುಗಟ್ಟುತ್ತದೆ.

ನಮ್ಮ ನಾಡಿನ ಗಿಣ್ಣ

ಇಷ್ಟೆಲ್ಲ ಹೇಳುವಾಗ ನಮ್ಮ ಹಟ್ಟಿಯ ಗಿಣ್ಣವನ್ನು ಮರೆಯಲಾಗದು. ಮರಾಠಿಗರು ಇದನ್ನು ಖರವಸ್ ಎನ್ನುತ್ತಾರೆ, ತೆಲುಗರು ಜುನ್ನು ಎನ್ನುತ್ತಾರೆ. ಈದ ಹಸು ಎಮ್ಮೆಗಳ ಮೊದಲ ದಿನಗಳ ಹಾಲಿನಲ್ಲಿ ಸಸಾರಜನಕ ಬಹಳ ಹೆಚ್ಚು. ಆದುದರಿಂದ ಹಿಟ್ಟಿನ ನೆರವೂ ಬೇಡದೆ, ಬರಿಯ ಹಬೆಗೆ ಅದು ಗಟ್ಟಿಯಾಗುತ್ತದೆ. ಮೊದಲ ದಿನದ ಗಿಣ್ಣದ ಹಾಲು ಒಂದು ಪಾಲು, ಸಾಮಾನ್ಯ ಹಾಲು ಎರಡು ಪಾಲು, ರುಚಿಗೆ ಬೆಲ್ಲ, ಏಲಕ್ಕಿ. ಬೆಲ್ಲವನ್ನು ತಣ್ಣನೆಯ ಹಾಲಿನಲ್ಲೇ ಕರಗಿಸಿ, ಸೋಸಿ, ತಟ್ಟೆಗೆ ಹೊಯ್ದು ಇಡ್ಲಿ ಪಾತ್ರೆಯಲ್ಲಿ 20ರಿಂದ 25 ನಿಮಿಷ ಬೇಯಿಸಿ, ಆರಿದ ಮೇಲೆ ಕತ್ತರಿಸಬೇಕು.

ಆದರೆ ಈ ಹಾಲಿಗೆ ಮೊದಲ ಹಕ್ಕುದಾರ ಕರು. ಮನುಷ್ಯರ ಕೂಸಿಗೆ ರೋಗನಿರೋಧಕ ಶಕ್ತಿಯ ಒಂದು ಪಾಲು ತಾಯ ಗರ್ಭದಲ್ಲಿಯೇ ದೊರೆಯುತ್ತದೆ. ಕರುವಿಗೆ ಆ ಭಾಗ್ಯವಿಲ್ಲ; ಅದು ಈ ಮೊದಲ ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಸಾಮರ್ಥ್ಯವೂ ಕರುವಿನ ಕರುಳಿಗೆ ಹುಟ್ಟಿದ ಮೊದಲ ಕೆಲವು ತಾಸುಗಳಲ್ಲಿ ಹೆಚ್ಚಾಗಿದ್ದು, ಒಂದು ದಿನದೊಳಗೆ ಬಹುಮಟ್ಟಿಗೆ ಮುಗಿದುಹೋಗುತ್ತದೆ. ಮೊದಲ ದಿನ ಕರುವಿಗೆ ಅದರ ತೂಕದ ಹತ್ತನೆಯ ಒಂದು ಪಾಲಿನಷ್ಟು, ಎಂದರೆ 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರಿನಷ್ಟು, ಈ ಹಾಲು ದೊರೆಯಬೇಕು. ಅದರಲ್ಲಿಯೂ ಮೊದಲ ಸರದಿಯನ್ನು ಹುಟ್ಟಿದ ಒಂದೆರಡು ತಾಸಿನೊಳಗೆ ಕುಡಿಸಬೇಕು. ಪೇಟೆಯಲ್ಲಿ ಗಿಣ್ಣದ ಹಾಲಿಗೆ ಒಳ್ಳೆಯ ಬೆಲೆಯಿದೆಯೆಂದು ಕರುವನ್ನು ಬೇಗನೆ ಬಿಡಿಸಿ ಕರೆಯುವುದು ಆ ಮೂಕಜೀವಿಯ ಆಯುಷ್ಯವನ್ನೇ ಕರೆದುಕೊಂಡಂತೆ.

ತತ್ತಿಯನ್ನು ದೂರವಿಟ್ಟು ದಯೆಯ ಆಚಾರವನ್ನು ಕಾಪಾಡಿದೆವೆಂದು ಸಮಾಧಾನಪಡುವ ನಾವು, ಕರುವಿನ ಬಾಯಿಂದ ಕಿತ್ತ ಹಾಲನ್ನು ಲಿಂಗಕ್ಕೆ ಅರ್ಪಿಸಿದರೆ ಆ ಅರ್ಪಿತ ಪೂರ್ಣವಾಗುವುದೇ? ಕಸ್ಟರ್ಡ್ ಹೊರಗಿನದೆಂಬ ಕಾರಣಕ್ಕೆ ತ್ಯಾಜ್ಯವಲ್ಲ, ಗಿಣ್ಣ ನಮ್ಮದೆಂಬ ಕಾರಣಕ್ಕೇ ಶುದ್ಧವೂ ಅಲ್ಲ. ಪದಾರ್ಥ ಎಲ್ಲಿಂದ ಬಂತು, ಅದಕ್ಕಾಗಿ ಯಾರಿಗೆ ನೋವಾಯಿತು ಎಂಬುದನ್ನು ವಿಚಾರಿಸಿ ಬಳಸುವುದೇ ಆಹಾರದ ಶುದ್ಧಿ. ಕರು ತೃಪ್ತಿಯಾಗಿ ಕುಡಿದು ಮಿಕ್ಕ ಹಾಲಿನಿಂದ ಗಿಣ್ಣ ಮಾಡಿರಿ, ಒಂದು ತುಂಡನ್ನು ನೆರೆಮನೆಗೂ ಕಳುಹಿಸಿರಿ. ಅಂತಹ ಸಿಹಿ ಮನೆಮಂದಿಗೆಲ್ಲ ಪ್ರಸಾದವಾಗುತ್ತದೆ.